ಹದಿನೇಳು ಇಂಚಿನ ಕುಂಕುಮ

ಮೂವತ್ತೊಂದು ವರ್ಷ ನಾನು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನು. ಕೆ.ಆರ್. ಪುರದ ಬಳಿಯ ಸರ್ಕಾರಿ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ಟೆಲಿಫೋನಿನ ಬಿಡಿಭಾಗಗಳೆಲ್ಲ ನನ್ನ ಮೇಜಿನ ಮೇಲೆ ಹಾದುಹೋಗಬೇಕಿತ್ತು. ಪಾಸಾದ ವಸ್ತುವಿಗೆ ಬ್ರಷ್ಷಿನ ತುದಿಯಿಂದ ಒಂದು ಕೆಂಪು ಚುಕ್ಕೆ, ಪಾಸಾಗದ್ದಕ್ಕೆ ಒಂದು ನೀಲಿ ಗೀಟು. ಗೀಟು ಎಳೆಯುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಎರಡು ಸಾವಿರದ ಒಂದರಲ್ಲಿ ನಾನು ನಿವೃತ್ತನಾದೆ. ಅಭ್ಯಾಸ ನಿವೃತ್ತವಾಗಲಿಲ್ಲ. ತಟ್ಟೆಯಲ್ಲಿ ಒಂದು ಇಡ್ಲಿ ದೊಡ್ಡದು, ಒಂದು ಚಿಕ್ಕದು ಇದ್ದರೆ ಹೇಳದೆ ಇರಲಾರೆ. ಸೊಪ್ಪಿನ ಜಟ್ಟೆಮ್ಮ ನಾನು ಗೇಟಿನಲ್ಲಿ ನಿಂತಿರುವುದು ಕಂಡರೆ ಬುಟ್ಟಿ ಇಳಿಸದೆ ಮುಂದಕ್ಕೆ ನಡೆದುಬಿಡುತ್ತಿದ್ದಳು.

"ನಿಮ್ಮನ್ನ ರಿಟೈರ್ ಮಾಡಿದ್ದು ಫ್ಯಾಕ್ಟ್ರಿಯವ್ರು, ಅನುಭವಿಸ್ತಿರೋಳು ನಾನು" ಎನ್ನುತ್ತಿದ್ದಳು ನನ್ನ ಹೆಂಡತಿ ಸೀತಾಲಕ್ಷ್ಮಿ.

ಅವಳಿಗೆ ನನ್ನ ಹಾಗೆ ಖಾಲಿ ಕೂರುವ ಕಷ್ಟ ಇರಲಿಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಹಲಸೂರಿಗೆ ಬಸ್ಸಿನಲ್ಲಿ ಹೋಗಿ, ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿನಲ್ಲಿ ಕನ್ನಡ ಅಕ್ಷರ ಜೋಡಣೆ ಕಲಿತು ಬಂದಿದ್ದಳು. ತೊಂಬತ್ತೊಂಬತ್ತರಲ್ಲಿ ಒಂದು ಕಂಪ್ಯೂಟರ್ ತೆಗೆದುಕೊಂಡು, ಮನೆಯ ಮುಂದಿನ ಕೋಣೆಯಲ್ಲಿ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಮಾಡಿಕೊಡಲು ಶುರುಮಾಡಿದಳು. ನಮ್ಮ ಕಾಲೊನಿಯಿಂದ ಮಹದೇವಪುರದವರೆಗೆ ಅವಳ ಕಾರ್ಡಿಗೆ ಹೆಸರು ಬಂದದ್ದು ಒಂದೇ ಕಾರಣಕ್ಕೆ. ಅವಳ ಕಾರ್ಡಿನ ಕುಂಕುಮ ಕುಂಕುಮದ ಹಾಗೇ ಇರುತ್ತಿತ್ತು.

ಅದಕ್ಕೆ ಅವಳದೊಂದು ವಿಧಾನವಿತ್ತು. ಕೀಬೋರ್ಡಿನ ಪಕ್ಕದಲ್ಲಿ ಸದಾ ಅವಳಮ್ಮ ಕೊಟ್ಟ ಬೆಳ್ಳಿಯ ಕುಂಕುಮ ಭರಣಿ. ಒಂದು ಬಿಳಿ ಹಾಳೆಯ ಮೇಲೆ ಚಿಟಿಕೆ ಕುಂಕುಮ ಉಜ್ಜಿ, ಅದನ್ನು ಮಾನಿಟರಿನ ಗಾಜಿಗೆ ಹಿಡಿದು, ಪರದೆಯ ಕೆಂಪು ಅದಕ್ಕೆ ಸರಿಹೊಂದುವ ತನಕ ಬಣ್ಣ ಹದ ಮಾಡುತ್ತಿದ್ದಳು. ಇನ್ನು ಕೆಲವರು ಬಣ್ಣಗಳ ಪುಸ್ತಕದಲ್ಲಿನ ಅಂಕಿ ನೋಡಿ ಬಣ್ಣ ಹಾಕುತ್ತಾರಂತೆ. "ಅಂಕಿ ನೋಡ್ಕೊಂಡು ಯಾರಾದ್ರೂ ಕುಂಕುಮ ಇಟ್ಕೋತಾರಾ?" ಎಂಬುದು ಅವಳ ವಾದ. ಹಾಗೆ ಕಣ್ಣಳತೆಯಲ್ಲಿ ಹದ ಮಾಡಿದ್ದನ್ನು ಸಿ.ಡಿ.ಗೆ ಹಾಕಿ ಹಲಸೂರಿನ ಜಿಯಾವುಲ್ಲಾ ಅವರ ಪ್ರೆಸ್ಸಿಗೆ ಕಳಿಸಿದರೆ, ಮರುದಿನ ಬರುವ ಕಾರ್ಡು ಥೇಟ್ ಭರಣಿಯಿಂದ ಎದ್ದು ಬಂದಂತಿರುತ್ತಿತ್ತು.

ನನ್ನ ಆಯುಧದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನಿವೃತ್ತಿಯ ದಿನ ವಿಭಾಗದವರು ಶಾಲು ಹೊದಿಸಿ, ಹಾರ ಹಾಕಿ, ಕೊನೆಗೆ ನನ್ನ ಮೇಜಿನ ಮೇಲಿದ್ದ ದೊಡ್ಡ ಅಯಸ್ಕಾಂತವನ್ನೇ ತೇಗದ ಪೀಠಕ್ಕೆ ಕೂರಿಸಿ ಕೊಟ್ಟಿದ್ದರು. ಕುದುರೆ ಲಾಳದ ಆಕಾರ, ಮೂರು ಕೆ.ಜಿ. ತೂಕ. ಹಿತ್ತಾಳೆಯ ಭಾಗಗಳ ನಡುವೆ ಕಬ್ಬಿಣದ್ದೇನಾದರೂ ನುಸುಳಿದರೆ ಹಿಡಿಯಲು ನಾನು ಅದನ್ನೇ ಬಳಸುತ್ತಿದ್ದೆ. ಎರಡು ವರ್ಷ ಅದು ಹಾಲ್‌ನ ಷೋಕೇಸಿನಲ್ಲಿತ್ತು. ಹೋದ ಆಯುಧಪೂಜೆಯ ದಿನ ಸೀತಾ ತನ್ನ ಕಂಪ್ಯೂಟರಿಗೂ ನನ್ನ ಅಯಸ್ಕಾಂತಕ್ಕೂ ಒಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ, ಆರತಿ ಎತ್ತಿದಳು. ಪೂಜೆ ಮುಗಿದ ಮೇಲೆ ಹೂವು ತೆಗೆದೆವು, ಅಯಸ್ಕಾಂತ ಮಾತ್ರ ಅಲ್ಲೇ, ಮಾನಿಟರಿನ ಎಡಗಡೆಯ ಗೂಡಿನಲ್ಲಿ ಉಳಿಯಿತು. "ಇಬ್ಬರ ಆಯುಧವೂ ಅಕ್ಕಪಕ್ಕ ಇರ್ಲಿ ಬಿಡು" ಎಂದವನು ನಾನೇ. ಮುಪ್ಪಿನಲ್ಲಿ ಹೆಂಡತಿಗೆ ಅಂಥ ಮಾತು ಹೇಳಿದ್ದಕ್ಕೆ ಒಂದು ವಾರ ಬೀಗುತ್ತಿದ್ದೆ.

ಮದುವೆಯ ಕೆಲಸ ಮತ್ತೆ ಬಂದದ್ದು ಜನವರಿಯಲ್ಲಿ, ತೊಂದರೆ ಶುರುವಾದದ್ದೂ ಆಗಲೇ. ಮಹದೇವಪುರದ ಬೈಲಪ್ಪನವರ ಮಗನ ಮದುವೆಗೆ ಒಂದು ಸಾವಿರ ಕಾರ್ಡು ಮಾಡಿಕೊಟ್ಟಳು. ಪ್ರೆಸ್ಸಿನಿಂದ ಬಂದ ಕಟ್ಟು ಬಿಚ್ಚಿದರೆ ಗಣಪತಿಯ ಹಿಂದಿನ ಕುಂಕುಮ ಬಣ್ಣ ಸುಟ್ಟ ಇಟ್ಟಿಗೆಯ ಬಣ್ಣವಾಗಿತ್ತು. ಬೇರೆ ಮುದ್ರಿಸಲು ಸಮಯವಿರಲಿಲ್ಲ. ಬೈಲಪ್ಪ ಕಾರ್ಡನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಮದ್ವೆ ಕಾರ್ಡೋ, ಇಟ್ಟಿಗೆ ಗೂಡಿನ ಅಡ್ವಟೈಸೋ ಅಂತ ಜನ ಕೇಳ್ತಾರಲ್ಲಮ್ಮಾ" ಎಂದು ತೆಗೆದುಕೊಂಡು ಹೋದರು. ಅಂದು ಸೀತಾ ಊಟ ಮಾಡಲಿಲ್ಲ.

ನಾನು ಉತ್ಸಾಹದಿಂದ ತನಿಖೆಗೆ ಇಳಿದೆ. ಮೂರು ವರ್ಷಕ್ಕೆ ಸಿಕ್ಕಿದ ಮೊದಲ ನಿಜವಾದ ಕೇಸು! ಮೊದಲ ಆರೋಪಿ ಜಿಯಾವುಲ್ಲಾ. ಅವರು ಸಮಾಧಾನದಿಂದ ಸೀತಾಳದೇ ಹಳೆಯ ಸಿ.ಡಿ.ಯೊಂದನ್ನು ಹಾಕಿ ನಮ್ಮೆದುರೇ ಮುದ್ರಿಸಿ ತೋರಿಸಿದರು. ಅಪ್ಪಟ ಕುಂಕುಮ. "ನಾನು ಫೈಲಲ್ಲಿ ಇದ್ದಿದ್ದೇ ಪ್ರಿಂಟ್ ಮಾಡೋದು ಸಾರ್. ಬೈಲಪ್ಪೋರ ಫೈಲಲ್ಲೇ ಹಳದಿ ಜಾಸ್ತಿ ಬಿದ್ದಿದೆ" ಎಂದರು.

ಅಂದರೆ ಸೀತಾ ಬಣ್ಣ ಹದ ಮಾಡುವಾಗಲೇ ಎಡವಿದ್ದಳು. ಪರದೆಯಲ್ಲಿ ಕುಂಕುಮ ನೇರಳೆಗೆ ತಿರುಗಿದಂತೆ ಕಂಡಿತು, ಅದನ್ನು ಸರಿಮಾಡಲು ಹಳದಿ ಸೇರಿಸಿದೆ ಎಂದಳು. ನಾನು ಕನ್ನಡಕ ಏರಿಸಿ ತೀರ್ಪು ಕೊಟ್ಟೆ.

"ಸೀತಾ, ಬೇಜಾರು ಮಾಡ್ಕೋಬೇಡ. ಐವತ್ಮೂರು ವರ್ಷ. ನಿನ್ನ ಕಣ್ಣು ಮೊದಲಿನ ಹಾಗಿಲ್ಲ."

ಆ ಮಾತು ಆಡಬಾರದಿತ್ತು. ಕಣ್ಣಿನ ಡಾಕ್ಟರು ನೋಡಿ "ವಯಸ್ಸಿಗೆ ಚೆನ್ನಾಗೇ ಇದೆ" ಎಂದರೂ ನನ್ನ ನೀಲಿ ಗೀಟು ಅವಳ ಮನಸ್ಸಿನಿಂದ ಅಳಿಯಲಿಲ್ಲ. ಹೂವಿನವಳ ಹತ್ತಿರ ಕನಕಾಂಬರ ಕೊಳ್ಳುವಾಗಲೂ "ಇದು ಯಾವ ಬಣ್ಣ ಕಾಣುತ್ತೆ ರೀ?" ಎಂದು ನನ್ನನ್ನು ಕೇಳತೊಡಗಿದಳು. ಬಣ್ಣದ ವಿಷಯದಲ್ಲಿ ಯಾರ ಮಾತನ್ನೂ ಕೇಳದ ಹೆಂಗಸು ಅವಳು. ಆದರೂ ತೀರ್ಪು ಹಿಂತೆಗೆದುಕೊಂಡು ನನಗೆ ರೂಢಿ ಇರಲಿಲ್ಲ.

ಫೆಬ್ರವರಿಯ ಒಂದು ಬುಧವಾರ ಮಹದೇವಪುರದ ಮುನಿನಾರಾಯಣಪ್ಪ ಬಂದರು. ಹಿಂದೆ ರಾಗಿ ಬೆಳೆದ ನೆಲದಲ್ಲಿ ಈಗ ಬಾಡಿಗೆ ಮನೆ ಕಟ್ಟಿಸಿರುವವರು. ಮಗಳು ಶ್ವೇತಳ ಮದುವೆ ಗೊತ್ತಾಗಿತ್ತು. ದೊಡ್ಡ ಮಗಳ ಮದುವೆಗೆ ಸೀತಾಳೇ ಕಾರ್ಡು ಮಾಡಿದ್ದಳು.

"ಅಮ್ಮಾವ್ರೇ, ಮುಚ್ಚುಮರೆ ಯಾಕೆ. ಬೈಲಪ್ಪನ ಕಾರ್ಡು ನಾನೂ ನೋಡಿದೀನಿ" ಎಂದರು ಅವರು ಕಾಫಿ ಲೋಟ ಕೆಳಗಿಡುತ್ತಾ. "ನನ್ನ ಹೆಂಡ್ತಿ ಅಣ್ಣಮ್ಮ ಏನಂದ್ಳು ಗೊತ್ತಾ? ಏನೇ ಆಗ್ಲಿ, ಕಾರ್ಡು ಸೀತಮ್ಮೋರ ಕೈಯಿಂದ್ಲೇ ಆಗ್ಬೇಕು ಅಂದ್ಳು. ಅದಕ್ಕೇ ಬಂದೆ. ಸೋಮವಾರ ಬರ್ತೀವಿ. ಒಂದು ಸ್ಯಾಂಪಲ್ಲು ತೋರ್ಸಿ. ಕುಂಕುಮ ಕುಂಕುಮದಂಗಿದ್ರೆ ಎರಡು ಸಾವಿರ ಕಾರ್ಡು ನಿಮ್ದೇ. ಇಲ್ಲಾಂದ್ರೆ ಪೇಟೆಯಲ್ಲಿ ಮಾಡಿಸ್ಕೋತೀವಿ."

ಅವರು ಹೋದ ಮೇಲೆ ಸೀತಾ ಭರಣಿಯ ಮುಚ್ಚಳ ಹಾಕಿ ಹೇಳಿದಳು: "ರೀ, ಇದೊಂದು ನೋಡ್ತೀನಿ. ಇದೂ ಕೆಟ್ಟರೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿಬಿಡ್ತೀನಿ. ಒಬ್ಬರ ಮನೆ ಶುಭಕಾರ್ಯ ನನ್ನ ಕಣ್ಣಿಂದ ಕೆಡೋದು ಬೇಡ."

ಅವಳ ಮುಖ ನೋಡಲಾಗದೆ ನಾನು ಮಾನಿಟರ್ ನೋಡಿದೆ. ಹದಿನಾಲ್ಕು ಇಂಚಿನ ಡಬ್ಬ, ಐದು ವರ್ಷ ಹಳೆಯದು. ಕಣ್ಣಲ್ಲದಿದ್ದರೆ ಇದೇ ಇರಬೇಕಲ್ಲ ಎಂದು ಆಗ ಹೊಳೆಯಿತು. "ಹೊಸ ಮಾನಿಟರ್ ತರೋಣ. ಶುಕ್ರವಾರವೇ ಹೋಗೋಣ" ಎಂದೆ. ಅವಳು ಹೂಂ ಎನ್ನಲಿಲ್ಲ, ಆದರೆ ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಸೀರೆ ಉಟ್ಟು ಸಿದ್ಧಳಾಗಿ, ಭರಣಿಯನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ನಾನು ಉಕ್ಕಿನ ಸ್ಕೇಲು, ರಸಮಟ್ಟ, ಭೂತಗನ್ನಡಿ ಮತ್ತು ಕೆಂಪು ಬಣ್ಣದ ಪುಟ್ಟ ಶೀಷೆ ತೆಗೆದುಕೊಂಡೆ.

ಅಂಗಡಿ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಜಿಯಾವುಲ್ಲಾ ಅವರೇ ಹೇಳಿ ಕಳಿಸಿದ್ದರು. ಮಾಲೀಕ ಅಕ್ತರ್ ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದವರು, ಐವತ್ತು ದಾಟಿದ ಗುಂಡು ಮನುಷ್ಯ. ಶುಕ್ರವಾರವಾದ್ದರಿಂದ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿದ್ದರು.

"ಬನ್ನಿ ಸಾರ್, ಬನ್ನಿ ಅಮ್ಮಾ. ಹನ್ನೆರಡೂವರೆಗೆ ನಮಾಜಿಗೆ ಹೋಗ್ಬೇಕು. ಅಲ್ಲೀವರೆಗೂ ಅಂಗಡಿ ನಿಮ್ದೇ" ಎಂದರು.

ಆ ಮಾತು ಹೇಳಿದ್ದಕ್ಕೆ ಅವರು ಆಮೇಲೆ ಪಶ್ಚಾತ್ತಾಪಪಟ್ಟಿರಬೇಕು. ಗೋಡೆಯ ಗೂಡುಗಳಲ್ಲಿ ಹತ್ತು ಮಾನಿಟರ್‌ಗಳು ಬೆಳಗುತ್ತಿದ್ದವು. ನಾನು ಒಂದೊಂದರಲ್ಲೂ ಚೌಕುಳಿ ಚಿತ್ರ ಹಾಕಿಸಿ, ಸ್ಕೇಲಿಟ್ಟು ಗೆರೆಗಳನ್ನು ಅಳೆದೆ. ಮೂಲೆಗಳಲ್ಲಿ ಗೆರೆ ಬಾಗಿದ್ದಕ್ಕೆ ನಾಲ್ಕು ರಿಜೆಕ್ಟ್. ರಸಮಟ್ಟದ ಪ್ರಕಾರ ಚಿತ್ರ ಓರೆಯಾಗಿದ್ದಕ್ಕೆ ಒಂದು.

"ಸಾರ್, ಓರೆ ಇರೋದು ನನ್ನ ಷೆಲ್ಫು" ಎಂದರು ಅಕ್ತರ್.

"ಹಾಗಾದ್ರೆ ಷೆಲ್ಫೂ ರಿಜೆಕ್ಟ್" ಎಂದೆ.

ಕೊನೆಗೆ ಒಂದನ್ನು ಆರಿಸಿದೆ. ಅದರ ಗೆರೆಗಳು ಎಷ್ಟು ನೇರವಾಗಿದ್ದವೆಂದರೆ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆ ತನಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಸೀತಾ ಎದ್ದು ಬಂದು, ಅಕ್ತರ್ ಕೈಗೆ ಒಂದು ಸಿ.ಡಿ. ಕೊಟ್ಟು, ಮೊದಲ ಮಗಳ ಮದುವೆಗೆ ಮುನಿನಾರಾಯಣಪ್ಪನವರಿಗೆ ಮಾಡಿದ್ದ ಕಾರ್ಡನ್ನು ಎಲ್ಲದರಲ್ಲೂ ತೋರಿಸಲು ಹೇಳಿದಳು. ಆಮೇಲೆ ಭರಣಿ ತೆಗೆದಳು.

"ಇದೇನಮ್ಮಾ?"

"ಕುಂಕುಮ. ಪರದೆ ಮೇಲಿನ ಕೆಂಪು ಇದರ ಹಾಗಿರಬೇಕು."

ಅಕ್ತರ್ ಮುಖವರಳಿಸಿ ನಕ್ಕರು. "ಇಪ್ಪತ್ತೈದು ವರ್ಷದ ಧಂಧೆ ಅಮ್ಮಾ. ಗಿರಾಕಿಗಳು ಕ್ರಿಕೆಟ್ ಹಾಕಿ ನೋಡ್ತಾರೆ, ಸಿನಿಮಾ ಹಾಕಿ ನೋಡ್ತಾರೆ. ಕುಂಕುಮ ತಂದೋರು ನೀವೇ ಫಸ್ಟು."

ಅವಳು ಬಿಳಿ ಹಾಳೆಯ ಮೇಲೆ ಕುಂಕುಮ ಉಜ್ಜಿ, ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ಒಂದೊಂದು ಪರದೆಯ ಮುಂದೂ ನಿಂತಳು. ಒಂದೇ ಕಾರ್ಡು, ಹತ್ತು ಬಗೆಯ ಕೆಂಪು. ನನ್ನ ನೇರ ಗೆರೆಯ ಸುಂದರಿಯ ಮುಂದೆ ಮೂರು ಸೆಕೆಂಡೂ ನಿಲ್ಲಲಿಲ್ಲ.

"ಇದು ದಾಳಿಂಬೆ."

"ಗೆರೆ ನೋಡೇ, ಎಷ್ಟು ನೇರ ಇದೆ!"

"ಗೆರೆ ನೇರ ಇದ್ರೆ ಮದುವೆ ಆಗಲ್ಲ ರೀ."

ಅಕ್ತರ್ ಆಗ ಹೆಮ್ಮೆಯಿಂದ ಅಂಗಡಿಗೆ ಹೊಸದಾಗಿ ಬಂದಿದ್ದ ತೆಳ್ಳನೆಯ ಎಲ್.ಸಿ.ಡಿ. ತೋರಿಸಿದರು. ಪುಸ್ತಕದಷ್ಟು ದಪ್ಪ. ಸೀತಾ ಎದುರು ಕೂತಳು, ಎದ್ದಳು, ಎಡಕ್ಕೆ ಬಾಗಿದಳು. "ಕೂತ್ರೆ ಕುಂಕುಮ, ಎದ್ರೆ ಗುಲಾಬಿ. ಮದುವೆ ಮನೇಲಿ ಯಾರೂ ಒಂದೇ ಕಡೆ ಕೂರಲ್ಲ, ಬೇಡ" ಎಂದುಬಿಟ್ಟಳು. ಅಷ್ಟು ದಿನಗಳ ಮೇಲೆ ಅವಳ ಬಾಯಲ್ಲಿ ಆ ಠೀವಿ ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಎಂಟನೆಯ ಪರದೆಯ ಮುಂದೆ ಅವಳು ನಿಂತಳು. ಹದಿನೇಳು ಇಂಚು, ಮುಂದಿನ ಗಾಜು ಚಪ್ಪಟೆ. ಹಾಳೆಯನ್ನು ಗಾಜಿಗೆ ಹಿಡಿದಳು. ಕಣ್ಣು ಕಿರಿದು ಮಾಡಿದಳು. ಕುಂಕುಮ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಎಂದು ನನಗೂ ಗೊತ್ತಾಗಲಿಲ್ಲ.

"ಅಕ್ತರ್ ಅವರೇ, ಆ ಫ್ಯಾನಿನ ಗಾಳಿ ಇತ್ತ ತಿರುಗಿಸ್ತೀರಾ? ಸ್ವಲ್ಪ ಸೆಕೆ" ಎಂದೆ ನಾನು, ಬೆವರು ಒರೆಸಿಕೊಳ್ಳುತ್ತಾ.

ತಪ್ಪು ಮಾಡಿದೆ. ತೆರೆದ ಭರಣಿ ಮೇಜಿನ ಮೇಲಿತ್ತು. ಫ್ಯಾನು ತಿರುಗಿದ್ದೇ ತಡ, ಒಂದು ಕೆಂಪು ಮೋಡ ಎದ್ದು ಅಕ್ತರ್ ಅವರ ಬಿಳಿ ಜುಬ್ಬಾದ ಮೇಲೆ, ನನ್ನ ಬೋಳು ತಲೆಯ ಮೇಲೆ, ಬಿಲ್ ಪುಸ್ತಕದ ಮೇಲೆ ಸಮನಾಗಿ ಇಳಿಯಿತು. ಸೀತಾ ಗಾಬರಿಯಾಗಿ ಸೆರಗಿನಿಂದ ಜುಬ್ಬಾ ಒರೆಸಲು ಹೋಗಿ ಅದನ್ನು ಇನ್ನಷ್ಟು ಹರಡಿದಳು.

"ಬಿಡೀ ಅಮ್ಮಾ, ಬಿಡೀ! ಒಳಗೆ ಇನ್ನೊಂದು ಜುಬ್ಬಾ ಇದೆ" ಎಂದು ಅಕ್ತರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆದ್ರೆ ಮನೇಲಿ ಹೆಂಡ್ತಿ ಕಮರುನ್ನೀಸಾಗೆ ಏನು ಹೇಳ್ಲಿ? ಇದನ್ನೇ ಒಗಿಯೋಕೆ ಕೊಟ್ಟು, ಮಾನಿಟರ್ ವ್ಯಾಪಾರ ಮಾಡ್ದೆ ಅಂದ್ರೆ ನಂಬ್ತಾಳಾ?"

ಬಟ್ಟೆ ಬದಲಿಸಿ ಬಂದ ಅವರು ಹೊಸ ಡಬ್ಬ ಇಳಿಸಲು ಹೋದರು. ನಾನು ತಡೆದೆ. "ಡಬ್ಬದಲ್ಲಿರೋದು ಬೇಡ. ಆಕೆ ನೋಡಿದ ಪೀಸೇ ಬೇಕು" ಎಂದು, ಮಾನಿಟರಿನ ಬೆನ್ನಿಗೆ ನನ್ನ ಶೀಷೆಯಿಂದ ಒಂದು ಕೆಂಪು ಚುಕ್ಕೆ ಇಟ್ಟೆ. ಮೂರು ವರ್ಷದ ಮೇಲೆ ಇಟ್ಟ ಮೊದಲ ಚುಕ್ಕೆ.

ಆಟೋದಲ್ಲಿ ಮಾನಿಟರಿಗೇ ಸೀಟು, ನಾವಿಬ್ಬರೂ ಅಕ್ಕಪಕ್ಕ ಅಂಟಿಕೊಂಡು ಕೂತೆವು. ಹಲಸೂರು ಕೆರೆ ದಾಟಿ, ಇಂದಿರಾನಗರದ ಕಡೆಯಿಂದ ಹಳೇ ಮದ್ರಾಸು ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿಯ ನೂಕುನುಗ್ಗಲಿನಲ್ಲಿ ಇಪ್ಪತ್ತು ನಿಮಿಷ ನಿಂತರೂ ಅವಳ ಮುಖದ ನಗೆ ಮಾಸಲಿಲ್ಲ. ಹೊಸ ತೂಗುಸೇತುವೆ ಏರುವಾಗ ನನ್ನ ತಲೆಯ ಮೇಲಿನ ಕುಂಕುಮವನ್ನು ಕರ್ಚೀಫಿನಿಂದ ಒರೆಸುತ್ತಾ, "ನನ್ನ ಕಣ್ಣು ಸರಿಯಾಗಿದೆ ಅಲ್ವಾ ರೀ?" ಎಂದಳು.

"ಹೂಂ, ಮಾನಿಟರೇ ಕೆಟ್ಟಿತ್ತು" ಎಂದೆ.

ಮನೆಗೆ ಬಂದು ಹಳೆಯದನ್ನು ಕೆಳಗಿಳಿಸಿ, ಹೊಸದನ್ನು ಅದರ ಜಾಗದಲ್ಲಿ ಕೂರಿಸಿದೆ. ಸ್ವಿಚ್ಚು ಹಾಕಿದಾಗ ಠಣ್ ಎಂದು ಸದ್ದು ಮಾಡಿ ಬೆಳಕು ಬಂತು. ಅವಳು ಅದೇ ಕಾರ್ಡು ತೆರೆದು, ಹಾಳೆಗೆ ಕುಂಕುಮ ಉಜ್ಜಿ, ಗಾಜಿಗೆ ಹಿಡಿದಳು.

ಹಾಳೆಯನ್ನು ಇಳಿಸಿದಳು. ಮತ್ತೆ ಹಿಡಿದಳು.

"ನೇರಳೆ ಕಾಣ್ತಿದೆ ರೀ."

ನಾನೂ ಬಗ್ಗಿ ನೋಡಿದೆ. ಎಡಗಡೆ ಕುಂಕುಮ ನೇರಳೆಗೆ ತಿರುಗಿತ್ತು. ನನಗೆ ನಖಶಿಖಾಂತ ಸಿಟ್ಟು ಬಂತು. ಮಾಲು ಬದಲಾಯಿಸಿದ್ದಾನೆ ಆ ಅಕ್ತರ್! ಮಾನಿಟರಿನ ಹಿಂದೆ ಹೋಗಿ ನೋಡಿದರೆ ನನ್ನ ಕೆಂಪು ಚುಕ್ಕೆ ನನ್ನನ್ನೇ ನೋಡುತ್ತಿತ್ತು. ಅದೇ ಪೀಸು. ಬೆಳಿಗ್ಗೆ ಅಂಗಡಿಯಲ್ಲಿ ಸರಿ, ಮಧ್ಯಾಹ್ನ ನಮ್ಮ ಮನೆಯಲ್ಲಿ ತಪ್ಪು. ಮೂವತ್ತೊಂದು ವರ್ಷದ ಅನುಭವದಲ್ಲಿ ಇಂಥದ್ದೊಂದು ಕಂಡಿರಲಿಲ್ಲ.

"ಅಂಗಡೀಲಿ ಟ್ಯೂಬ್‌ಲೈಟು ಜಾಸ್ತಿ ಇತ್ತು, ಅದಕ್ಕೇ ಸರಿ ಕಂಡಿತೇನೋ. ನಿಮಗೂ ವಯಸ್ಸಾಗಿದೆ, ನನಗೂ ಆಗಿದೆ" ಎಂದಳು ಸೀತಾ, ಬಹಳ ಮೆಲ್ಲಗೆ. "ಮುನಿನಾರಾಯಣಪ್ಪೋರಿಗೆ ಫೋನ್ ಮಾಡಿ ರೀ. ಪೇಟೆಯಲ್ಲೇ ಮಾಡಿಸ್ಕೊಳ್ಳಿ ಅನ್ನಿ."

ನಾನು ಫೋನ್ ಎತ್ತಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ಸಂಜೆ ಐದಾಯಿತು, ಆರಾಯಿತು. ದೇವರ ಮುಂದೆ ದೀಪ ಹಚ್ಚಿದವಳು ಆರತಿ ತಟ್ಟೆ ಹಿಡಿದು ಮುಂದಿನ ಕೋಣೆಗೆ ಬಂದಳು. "ಏನೇ ಇರ್ಲಿ, ಹೊಸ ವಸ್ತು ಮನೆಗೆ ಬಂದಿದೆ. ಶುಕ್ರವಾರ ಬೇರೆ. ಪೂಜೆ ಮಾಡ್ದೆ ಬಿಡಬಾರದು" ಎಂದು ಮಾನಿಟರಿನ ನೆತ್ತಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಸೇವಂತಿಗೆ ಸಿಕ್ಕಿಸಿದಳು. ಪರದೆಯಲ್ಲಿ ಕಾರ್ಡು ಹಾಗೇ ತೆರೆದಿತ್ತು.

ಆಮೇಲೆ ಗೂಡಿನ ಕಡೆ ನೋಡಿ, "ಪಾಪ, ಹಳೆಯದಕ್ಕೆ ಇಡದೆ ಹೊಸದಕ್ಕೆ ಮಾತ್ರ ಇಟ್ರೆ ಬೇಜಾರಾಗುತ್ತೆ" ಎಂದು ನನ್ನ ಅಯಸ್ಕಾಂತವನ್ನು ಎರಡೂ ಕೈಯಲ್ಲಿ ಎತ್ತಿ, ಕುಂಕುಮ ಇಡಲು ಮೇಜಿನ ಮೇಲೆ, ಪರದೆಯ ಮುಂದೆ ತಂದಳು.

ಪರದೆಯ ಮೇಲಿದ್ದ ಗಣಪತಿ ಹಸಿರಾದ. ಅವನ ಹಿಂದಿನ ಕುಂಕುಮ ನೀಲಿಯಾಗಿ, ಹಳದಿಯಾಗಿ, ನೀರು ಬಿದ್ದ ರಂಗೋಲಿಯ ಹಾಗೆ ಒಂದರೊಳಗೊಂದು ಹರಿಯಿತು. ಸೀತಾ ಹೆದರಿ ಅಯಸ್ಕಾಂತವನ್ನು ಹಿಂದಕ್ಕೆ ಎಳೆದುಕೊಂಡಳು. ಬಣ್ಣಗಳೂ ಹಿಂದಕ್ಕೆ ಹರಿದವು. ಮುಂದಕ್ಕೆ ತಂದಳು, ಮುಂದಕ್ಕೆ ಬಂದವು.

ಅವಳು ನನ್ನ ಮುಖ ನೋಡಿದಳು. ನಾನು ತೇಗದ ಪೀಠದ ಮೇಲಿನ ಹಿತ್ತಾಳೆ ಫಲಕ ನೋಡಿದೆ. ಅದರಲ್ಲಿ ನನ್ನ ಹೆಸರನ್ನು ಬಹಳ ಅಂದವಾಗಿ ಕೆತ್ತಲಾಗಿತ್ತು.

"ರೀ, ಇದನ್ನ ಇಲ್ಲಿ ಇಟ್ಟಿದ್ದು ಯಾವಾಗ?"

"ಆಯುಧಪೂಜೆಗೆ."

"ಬೈಲಪ್ಪೋರ ಕಾರ್ಡು?"

"ಆಮೇಲೆ" ಎಂದೆ.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಹುಡುಕಿದವನ ಗಾದೆಯನ್ನು ನಾನು ಕಾರ್ಖಾನೆಯಲ್ಲಿ ಎಷ್ಟು ಜನರಿಗೆ ಹೇಳಿದ್ದೆನೋ ಲೆಕ್ಕವಿಲ್ಲ. ಪ್ರೆಸ್ಸನ್ನು ತನಿಖೆ ಮಾಡಿದೆ, ಮಾನಿಟರನ್ನು ತನಿಖೆ ಮಾಡಿದೆ, ಹೆಂಡತಿಯ ಕಣ್ಣನ್ನು ಡಾಕ್ಟರ ಹತ್ತಿರ ತನಿಖೆ ಮಾಡಿಸಿದೆ. ಜೀವಮಾನವೆಲ್ಲ ಕೈಯಲ್ಲಿ ಹಿಡಿದ ಅಯಸ್ಕಾಂತದ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ, ಒಂದು ತಿಂಗಳು ಅವಳು ಹೂವಿನ ಬಣ್ಣವನ್ನು ನನ್ನ ಹತ್ತಿರ ಕೇಳಿ ಕೊಂಡದ್ದು ನೆನಪಾಗಿ ತಲೆ ತಗ್ಗಿಸಿದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಅವಳು ಅಯಸ್ಕಾಂತವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದು ನಗತೊಡಗಿದಳು. ನಕ್ಕು ನಕ್ಕು ಕಣ್ಣೀರು ಬಂತು. "ನನ್ನ ಕಣ್ಣು ಸರಿಯಾಗಿದೆ ಕಣ್ರೀ! ನೇರಳೆ ಇದ್ದಿದ್ದು ನೇರಳೆ ಅಂತಾನೇ ಕಂಡಿದ್ದು! ನನ್ನ ಕಣ್ಣಿಗೆ ಏನೂ ಆಗಿಲ್ಲ!" ಎನ್ನುತ್ತಾ ಸೆರಗಿನಿಂದ ಒರೆಸಿಕೊಂಡಳು. ಆ ಕೊನೆಯ ಮಾತಿನ ಹೊತ್ತಿಗೆ ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಹತ್ತಿರ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟು ನಿಂತೆ.

ಅಕ್ತರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ನಗು ಮಾತ್ರ ಕೇಳಿಸಿತು. "ಸಾರ್, ಟಿ.ವಿ. ಪಕ್ಕ ಸ್ಪೀಕರ್ ಇಟ್ಟು ಬಣ್ಣ ಕೆಡಿಸ್ಕೊಂಡೋರನ್ನ ನೂರು ಜನ ನೋಡಿದೀನಿ. ಸ್ಪೀಕರ್ ಒಳಗೂ ಅಯಸ್ಕಾಂತಾನೇ ಇರೋದು. ಆದ್ರೆ ಮೂರು ಕೆ.ಜಿ. ಅಯಸ್ಕಾಂತಕ್ಕೆ ಹೂವು ಮುಡಿಸಿ ಪಕ್ಕದಲ್ಲೇ ಕೂರಿಸಿದೋರು ನೀವೊಬ್ರೇ! ಅದನ್ನ ಬೇರೆ ರೂಮಿಗೆ ಕಳ್ಸಿ. ಮಾನಿಟರ್ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ಠಣ್ ಅನ್ನುತ್ತಲ್ಲ, ಒಳಗೆ ಹತ್ತಿದ ಅಯಸ್ಕಾಂತದ ಗುಣ ಬಿಡಿಸೋದು ಅದು, ಅದೇ ಅದರ ಔಷಧಿ. ಎರಡು ಮೂರು ಸಲ ಹೀಗೆ ಮಾಡಿ."

ಅಯಸ್ಕಾಂತ ಹಾಲ್‌ನ ಷೋಕೇಸಿಗೆ ಮರಳಿತು. ಮೂರನೆಯ ಠಣ್‌ಗೆ ಪರದೆಯ ಮೇಲೆ ಕುಂಕುಮ ಮೂಡಿತು. ಹಾಳೆ ಹಿಡಿದು ನೋಡುವ ಅಗತ್ಯವೇ ಇರಲಿಲ್ಲ. ನ್ಯಾಯ ನನ್ನನ್ನು ಸುಮ್ಮನಿರಲು ಬಿಡಲಿಲ್ಲ, ಹಳೆಯ ಮಾನಿಟರನ್ನೂ ಎತ್ತಿ ಕೂರಿಸಿ ಹಾಗೇ ಮಾಡಿದೆ. ಅದರಲ್ಲೂ ಕುಂಕುಮ ಬಂತು.

"ಇದು ನಿರಪರಾಧಿ ಸೀತಾ. ಹೊಸದನ್ನ ಅಕ್ತರ್‌ಗೆ ವಾಪಸ್ ಕೊಡೋಣ್ವಾ? ಈಗ ನೀನೇ ಆರಿಸು."

ಅವಳು ಎರಡನ್ನೂ ನೋಡಿದಳು. "ಹೊಸದೇ ಇರ್ಲಿ. ಕಾರ್ಡಿನ ಎರಡೂ ಮಗ್ಗುಲು ಒಟ್ಟಿಗೆ ಕಾಣುತ್ತೆ. ಅಲ್ಲದೆ ಅದನ್ನ ನಾನು ಕಣ್ಣಾರೆ ನೋಡಿ ಒಪ್ಪಿ ತಂದಿದ್ದು" ಎಂದಳು. ಕಣ್ಣಾರೆ ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳಿದಳು. ಹಳೆಯದು ಅಟ್ಟ ಸೇರಿತು. ನಮ್ಮ ಕಾಲೊನಿಯಲ್ಲಿ ಯಾವ ವಸ್ತುವೂ ಸಾಯುವುದಿಲ್ಲ, ಅಟ್ಟಕ್ಕೆ ಹೋಗುತ್ತದೆ.

ಶನಿವಾರ ಬೆಳಿಗ್ಗೆಯೇ ಕೂತು ಅವಳು ಶ್ವೇತಳ ಕಾರ್ಡು ಮುಗಿಸಿದಳು. ಜಿಯಾವುಲ್ಲಾ ಸಂಜೆಗೇ ಹತ್ತು ಪ್ರತಿ ತೆಗೆದುಕೊಟ್ಟರು. ಸೋಮವಾರ ಮುನಿನಾರಾಯಣಪ್ಪ ಹೆಂಡತಿ ಅಣ್ಣಮ್ಮನ ಜೊತೆ ಬಂದರು. ಅಣ್ಣಮ್ಮ ಕಾರ್ಡನ್ನು ಎತ್ತಿ ತನ್ನ ಹಣೆಯ ಕುಂಕುಮದ ಪಕ್ಕಕ್ಕೆ ಹಿಡಿದು ಗಂಡನ ಕಡೆ ತಿರುಗಿದಳು. ಮುನಿನಾರಾಯಣಪ್ಪ ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದರು.

"ನಿನ್ನ ಹಣೇದೇ ಸ್ವಲ್ಪ ಮಾಸೈತೆ ಕಣಮ್ಮೀ" ಎಂದರು.

"ಎರಡು ಸಾವಿರ ಸಾಲಾಕಿಲ್ಲ, ಇನ್ನೈನೂರು ಹಾಕ್ಸಿ" ಎಂದಳು ಅಣ್ಣಮ್ಮ.

ನಾನೇ ಎದ್ದು ಬೈಲಪ್ಪನವರ ಕಾರ್ಡಿನ ತಪ್ಪು ಯಾರದೆಂದು ಅವರಿಬ್ಬರಿಗೂ ಹೇಳಿದೆ. ಮಹದೇವಪುರದಲ್ಲೆಲ್ಲಾ ಹೇಳಿ, ತಪ್ಪು ಸೀತಾಳದಲ್ಲ, ನನ್ನದು ಎಂದೆ. ಮುನಿನಾರಾಯಣಪ್ಪ ಷೋಕೇಸಿನ ಹತ್ತಿರ ಹೋಗಿ ಅಯಸ್ಕಾಂತವನ್ನು ಗೌರವದಿಂದ ನೋಡಿ ಬಂದರು.

ಅವರು ಹೋದ ಮೇಲೆ ನಾನು ಒಂದು ಸ್ಯಾಂಪಲ್ ಕಾರ್ಡಿನ ಹಿಂಬದಿಯಲ್ಲಿ, ಕಾರ್ಖಾನೆಯ ಹಳೆಯ ಕ್ರಮದಲ್ಲೇ ಬರೆದೆ. ವಸ್ತು: ಸೀತಾಲಕ್ಷ್ಮಿಯ ಕಣ್ಣುಗಳು. ಸಂಖ್ಯೆ: ಎರಡು. ದೋಷ: ಯಾವುದೂ ಇಲ್ಲ. ಮೊದಲಿನ ವರದಿ ತಪ್ಪು, ಇನ್ಸ್‌ಪೆಕ್ಟರ್ ಕ್ಷಮೆ ಕೇಳುತ್ತಾನೆ. ಫಲಿತಾಂಶ: ಪಾಸ್. ಕೆಳಗೆ ಸಹಿ ಹಾಕಿದೆ, ವೆಂಕಟಸುಬ್ಬಯ್ಯ. ಕಾರ್ಖಾನೆಯಲ್ಲೂ ಮನೆಯಲ್ಲೂ ನಾನು ಹಿಂತೆಗೆದುಕೊಂಡ ಒಂದೇ ತೀರ್ಪು ಅದು. ಅದನ್ನು ಅವಳ ಕೀಬೋರ್ಡಿನ ಮೇಲಿಟ್ಟು, ಪೇಪರ್ ಓದುವವನ ಹಾಗೆ ಮುಖ ಮುಚ್ಚಿಕೊಂಡು ಕೂತೆ.

ಅವಳು ಬಂದು ಓದಿದ್ದು ಗೊತ್ತಾಯಿತು.

"ರೀ."

"ಏನು?"

"ಪಾಸ್ ಅಂತ ಬರೆದಿದೀರ. ಚುಕ್ಕೆ ಎಲ್ಲಿ?"

ನಾನು ಶೀಷೆ ಹುಡುಕಲು ಎದ್ದೆ. ಅವಳು ಭರಣಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಉಂಗುರದ ಬೆರಳನ್ನು ಕುಂಕುಮಕ್ಕೆ ಅದ್ದಿ, ಲಕ್ಷಾಂತರ ಚುಕ್ಕೆ ಇಟ್ಟ ಕೈ ನಡುಗದಂತೆ ಉಸಿರು ಹಿಡಿದು, ಅವಳ ಹಣೆಗೆ ಇಟ್ಟೆ. ಅವಳು ಬಗ್ಗಿ, ಆಫ್ ಮಾಡಿದ್ದ ಹದಿನೇಳು ಇಂಚಿನ ಕಪ್ಪು ಗಾಜಿನಲ್ಲಿ ಮುಖ ನೋಡಿಕೊಂಡಳು.

"ಒಂಚೂರು ಎಡಕ್ಕಾಯ್ತು" ಎಂದಳು. "ಆದ್ರೂ ಪಾಸ್."

ಆ ಸೊಟ್ಟ ಕುಂಕುಮದಲ್ಲೇ ಅವಳು ಸಂಜೆ ದೇವಸ್ಥಾನಕ್ಕೂ ಹೋಗಿ ಬಂದಳು.